ಕೀಲಿಮಣೆಯಲ್ಲಿ ವರ್ಣಮಾಲೆ

ಕೋಟದ ಮನೆಗಳ ಜಗಲಿಯಲ್ಲಿ ಹಿಂದೆ ಮಕ್ಕಳು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದರು. ಈಗ ಬೆರಳುಗಳು ಗಣಕಯಂತ್ರದ ಕೀಲಿಗಳನ್ನು ಒತ್ತುತ್ತಿವೆ. ಆ ಕೀಲಿಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದವರು ಇದೇ ಕರಾವಳಿಯವರೆಂಬುದು ಎಲ್ಲರಿಗೂ ವಿದಿತವಲ್ಲ.

ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತ ಸುಬ್ಬರಾಯರು. ಆ ಯಂತ್ರವು ಅಕ್ಷರದ ಆಕಾರವನ್ನು ಮಾತ್ರ ಬಲ್ಲುದು. ಆದುದರಿಂದ ಕೊಂಬು, ಒತ್ತು ಮುಂತಾದುವನ್ನು ಬೇರೆಬೇರೆ ಕೀಲಿಗಳಿಗೆ ಹಂಚಬೇಕಾಯಿತು. ಗಣಕಯಂತ್ರಕ್ಕೆ ಆ ಬಂಧನವಿಲ್ಲ. ಇದನ್ನು ಮನಗಂಡವರು 1940ರಲ್ಲಿ ಜನಿಸಿದ, ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು. ಅವರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ಕಕಾರ ಖಕಾರಗಳು, ತಕಾರ ಥಕಾರಗಳು, ಹೀಗೆ ಅಲ್ಪಪ್ರಾಣ ಮಹಾಪ್ರಾಣಗಳು ಒಂದೊಂದೇ ಕೀಲಿಯಲ್ಲಿ ಜೊತೆಗೂಡಿದುವು. ವ್ಯಂಜನದ ಕೀಲಿಯು ಅಕಾರಸಹಿತವಾದ ಅಕ್ಷರವನ್ನು ಕೊಡುವುದು. ಅದರ ಮುಂದೆ ಸ್ವರವನ್ನೊತ್ತಿದರೆ ಗುಣಿತಾಕ್ಷರವಾಗುವುದು. ‘ಎಫ್’ ಕೀಲಿಯು ಅಕಾರವನ್ನು ಲೋಪಗೊಳಿಸಿ ಸಂಯುಕ್ತಾಕ್ಷರಕ್ಕೆ ದಾರಿ ಮಾಡುವುದು. ‘ವಸ್ತ್ರ’ ಎಂದು ಬರೆಯಲು ಆರು ಸಲ ಒತ್ತಿದರೆ ಸಾಕು. ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯೆಲ್ಲ ಅಡಗಿತು.

ರಾಯರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಅದನ್ನು ಮಾರದೆ ಸರ್ವರಿಗೂ ಬಿಟ್ಟುಕೊಟ್ಟರು. ಆ ವಿನ್ಯಾಸವೇ ‘ನುಡಿ’ ತಂತ್ರಾಂಶಕ್ಕೆ ಆಧಾರವಾಯಿತು. ಸರಕಾರದ ಮನ್ನಣೆಯನ್ನೂ ಪಡೆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತಿತು.

ಕೀಲಿಗೊಂದು ಬೆಲೆ ಕಟ್ಟಿದ್ದರೆ ಬಡ ಶಾಲೆಯ ಬಾಲಕನಿಗೆ ಯಂತ್ರದಲ್ಲಿ ತಾಯ್ನುಡಿ ದುರ್ಲಭವಾಗುತ್ತಿತ್ತು. ಮರಳಿನಲ್ಲಿ ತಿದ್ದಿದ ಅಕ್ಷರಕ್ಕೆ ಯಾರೂ ಸುಂಕ ಕೇಳಿದವರಲ್ಲ. ಯಂತ್ರದ ಅಕ್ಷರಕ್ಕೂ ರಾಯರು ಕೇಳಲಿಲ್ಲ. ವಿದ್ಯಾದಾನದ ಹಳೆಯ ಮರ್ಯಾದೆಯು ಹೊಸ ಯಂತ್ರದಲ್ಲಿಯೂ ಉಳಿಯಿತು.