ಕೊಲ್ಲೋಕೂ ಆಳು ಬೇಕು, ಕಾಯೋಕೂ ಆಳು ಬೇಕು

 

ಬಿತ್ತನೆ ಮಾತು ಶುರುವಾದರೆ ಸಾಕು, ನಮ್ಮ ಕಡೆ ನವಿಲಿನ ಮಾತೂ ಶುರುವಾಗುತ್ತೆ. ಬಿತ್ತಿದ ಕಡಲೆಕಾಯಿ ಬೀಜ ಮೊಳಕೆ ಒಡೆಯೋ ಮೊದಲೇ ಸಾಲು ಹಿಡಿದು ಕೆದಕಿ ತಿಂದು ಹೋಗ್ತವೆ. ಅದನ್ನ ದಾಟಿದರೆ ಸೂರ್ಯಕಾಂತಿ ಕಾಳು ಕಟ್ಟೋ ಹೊತ್ತಿಗೆ ಗಿಳಿ ಹಿಂಡು. "ಸರ್ಕಾರ ಎರಡು ವರ್ಷ ಹೊಡೆಯೋಕೆ ಬಿಟ್ರೆ ಸಾಕು, ಕಾಟ ತಪ್ಪುತ್ತೆ" ಅನ್ನೋರು ಬಹಳ ಮಂದಿ. ಕಾಳಿಗೆ ವಿಷ ಹಚ್ಚಿ ಬದುವಿನ ಮೇಲೆ ಇಟ್ಟರಾಯ್ತು ಅನ್ನೋ ಮಾತೂ ಕೇಳಿಬರ್ತಿದೆ. ಅವರ ಸಿಟ್ಟು ಸುಳ್ಳಲ್ಲ. ಬೀಜ, ಗೊಬ್ಬರ, ಉಳುಮೆ ಖರ್ಚು ಹಾಕಿದೋನಿಗೇ ಗೊತ್ತು ಅದರ ಉರಿ.

ಆದರೆ ಹೊಡೆದು ಮುಗಿಸೋ ಉಪಾಯ ಹೊಸದಲ್ಲ. ಕಾನೂನು ಮಾಡಿ, ತಲೆಗಿಷ್ಟು ಅಂತ ದುಡ್ಡು ಕೊಟ್ಟು, ಇಡೀ ದೇಶದ ಜನರನ್ನೇ ಬೀದಿಗಿಳಿಸಿ ಮಾಡಿ ನೋಡಿದ್ದಾರೆ. ಅವರಿಗೆ ಏನು ದಕ್ಕಿತು ಅಂತ ತಿಳ್ಕೊಂಡು ನಮ್ಮ ಲೆಕ್ಕ ಹಾಕೋದು ಒಳ್ಳೇದು.

ಮೊದಲು ಇಂಗ್ಲೆಂಡಿನ ಕತೆ. ಅಲ್ಲಿ ಮ್ಯಾಗ್‌ಪೈ ಅಂತ ಒಂದು ಹಕ್ಕಿ. ಕಪ್ಪು ಬಿಳಿ ಮೈ, ಉದ್ದ ಬಾಲ. ನಮ್ಮ ಮಡಿವಾಳ ಹಕ್ಕಿ ಅಲ್ಲ ಇದು. ಕಾಗೆ ಕುಲದ್ದು, ನಮ್ಮ ಮಟಪಕ್ಷಿಗೆ ದಾಯಾದಿ. ಹುಳ ತಿನ್ನುತ್ತೆ, ಜೊತೆಗೆ ಹಣ್ಣು, ಕಾಳು, ಬೇರೆ ಹಕ್ಕಿಗಳ ಮೊಟ್ಟೆ, ಮರಿ ಯಾವುದನ್ನೂ ಬಿಡಲ್ಲ. 1532ರಲ್ಲಿ, ಎಂಟನೇ ಹೆನ್ರಿ ರಾಜನಾಗಿದ್ದಾಗ, ಕಾಗೆ ಜಾತಿಯ ಹಕ್ಕಿ ಹಿಡಿಯೋಕೆ ಊರೂರೂ ಬಲೆ ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಬಂತು. ಮುಂದೆ 1566ರಲ್ಲಿ ಧಾನ್ಯ ಕಾಪಾಡೋಕೆ ಅಂತಲೇ ಇನ್ನೊಂದು ಕಾನೂನು. ಬಲಿತ ಮೂರು ಹಕ್ಕಿಯ ತಲೆ ತಂದುಕೊಟ್ಟರೆ ಒಂದು ಪೆನ್ನಿ. ಆ ಪಟ್ಟಿಯಲ್ಲಿ ಮ್ಯಾಗ್‌ಪೈ ಕೂಡ ಇತ್ತು. ದುಡ್ಡು ಊರ ಚರ್ಚಿನ ಲೆಕ್ಕದಿಂದ ಹೋಗ್ತಿತ್ತು. ನೂರಾರು ವರ್ಷ ಹೀಗೆ ತಲೆ ಎಣಿಸಿ ಕಾಸು ಕೊಟ್ಟರೂ ಹಕ್ಕಿ ಮುಗಿಯಲಿಲ್ಲ.

ಒಂದು ಕಾಲದಲ್ಲಿ ಮಾತ್ರ ಮ್ಯಾಗ್‌ಪೈ ನಿಜವಾಗಿ ಕಡಿಮೆಯಾಯ್ತು. ಅದು ಹತ್ತೊಂಬತ್ತನೇ ಶತಮಾನ. ದೊಡ್ಡ ಜಮೀನ್ದಾರರು ತಮ್ಮ ಬೇಟೆಯ ಹಕ್ಕಿಗಳನ್ನ ಕಾಯೋಕೆ ಸಂಬಳದ ಕಾವಲುಗಾರರನ್ನ ಇಟ್ಟಿದ್ದರು. ವರ್ಷವಿಡೀ ಬಂದೂಕು, ಉರುಲು, ವಿಷ ಹಿಡ್ಕೊಂಡು ಓಡಾಡೋದೇ ಅವರ ಕೆಲಸ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ಆ ಕಾವಲುಗಾರರು ಸೈನ್ಯಕ್ಕೆ ಹೋದರು. ಯುದ್ಧ ಮುಗಿದ ಮೇಲೂ ಮೊದಲಿನಷ್ಟು ಜನರನ್ನ ಇಡೋ ಶಕ್ತಿ ಜಮೀನ್ದಾರರಿಗೆ ಉಳಿಯಲಿಲ್ಲ. ಮ್ಯಾಗ್‌ಪೈ ಮತ್ತೆ ಹೆಚ್ಚಿತು. ಇವತ್ತು ಅಲ್ಲಿನ ಪೇಟೆಯ ಪಾರ್ಕುಗಳಲ್ಲೂ ಕಾಣುತ್ತೆ. ಬೆಳೆ ಉಳಿಸೋಕೆ ಅದನ್ನ ಕೊಲ್ಲಲು ರೈತರಿಗೆ ಇದ್ದ ಸಾಮಾನ್ಯ ಅನುಮತಿ ಕೂಡ 2019ರ ಏಪ್ರಿಲ್‌ನಲ್ಲಿ ಕೋರ್ಟಿನ ತಕರಾರು ಬಂದು ರದ್ದಾಯ್ತು, ಆಮೇಲೆ ಹೊಸ ಷರತ್ತು ಹಾಕಿ ಕೊಟ್ಟರು. ಐನೂರು ವರ್ಷವಾಗ್ತಾ ಬಂತು, ಜಗಳ ಇನ್ನೂ ಮುಗಿದಿಲ್ಲ.

ಅದೇ ಹಕ್ಕಿಯ ಹತ್ತಿರದ ನೆಂಟ ದಕ್ಷಿಣ ಕೊರಿಯಾದಲ್ಲಿದೆ. ಅಲ್ಲಿ ಅದನ್ನ ನೋಡೋ ಕಣ್ಣೇ ಬೇರೆ. ನಮ್ಮಲ್ಲಿ ಕಾಗೆ ಕೂಗಿದರೆ ನೆಂಟರು ಬರ್ತಾರೆ ಅಂತೀವಲ್ಲ, ಅಲ್ಲಿ ಬೆಳಿಗ್ಗೆ ಮ್ಯಾಗ್‌ಪೈ ಕೂಗಿದರೆ ಒಳ್ಳೆ ನೆಂಟರು ಬರ್ತಾರೆ ಅನ್ನೋ ನಂಬಿಕೆ. ಪರ್ಸಿಮನ್ ಅನ್ನೋ ಹಣ್ಣು ಕೀಳುವಾಗ ಮರದ ತುದಿಯಲ್ಲಿ ನಾಲ್ಕಾರು ಹಣ್ಣು ಬಿಡ್ತಾರೆ. ಅದಕ್ಕೆ ಮ್ಯಾಗ್‌ಪೈ ಊಟ ಅಂತಲೇ ಹೆಸರು. ನಮ್ಮ ಹಿರಿಯರು ಹಕ್ಕಿಪಕ್ಷಿಗೂ ಒಂದು ಪಾಲು ಅಂತಿದ್ದರಲ್ಲ, ಅದೇ ಮಾತು. 1964ರಲ್ಲಿ ಪತ್ರಿಕೆಯೊಂದು ದೇಶದ ಹಕ್ಕಿ ಯಾವುದಾಗಬೇಕು ಅಂತ ಓದುಗರನ್ನ ಕೇಳಿದಾಗ ಗೆದ್ದದ್ದು ಇದೇ.

ಅಲ್ಲಿ ದಕ್ಷಿಣದ ಕಡಲಲ್ಲಿ ಜೇಜು ಅನ್ನೋ ದ್ವೀಪವಿದೆ, ಕಿತ್ತಳೆ ಬೆಳೆಗೆ ಹೆಸರಾದದ್ದು. ಮೊದಲು ಅಲ್ಲಿ ಮ್ಯಾಗ್‌ಪೈ ಇರಲಿಲ್ಲ. ಶುಭದ ಹಕ್ಕಿ ಅಲ್ಲೂ ಇರಲಿ ಅಂತ 1989ರಲ್ಲಿ ಐವತ್ತರ ಆಸುಪಾಸು ಹಕ್ಕಿ ತಂದು ಬಿಟ್ಟರು. ಅವು ಸಾವಿರಗಟ್ಟಲೆಯಾಗಿ ಹಣ್ಣಿನ ತೋಟಕ್ಕೆ ಬಿದ್ದವು. ಮುಖ್ಯ ಭೂಮಿಯಲ್ಲೂ ಸೇಬು, ಪೇರು ಹಣ್ಣಿನ ರೈತರು ರೋಸಿಹೋದರು. ಕರೆಂಟ್ ಕಂಬದ ಮೇಲೆ ತಂತಿ ತುಂಡು ತಂದು ಗೂಡು ಕಟ್ಟೋದ್ರಿಂದ ಲೈನ್ ಟ್ರಿಪ್ ಆಗೋದು ಬೇರೆ. ಕಡೆಗೆ ಶುಭದ ಹಕ್ಕಿ ಹಾನಿಕಾರಕ ಪ್ರಾಣಿಗಳ ಪಟ್ಟಿಗೆ ಸೇರಿತು. ಬೇಟೆಗಾರರಿಗೆ ಹಕ್ಕಿಗಿಷ್ಟು ಅಂತ ದುಡ್ಡು ಕೊಡೋ ಪದ್ಧತಿಯೂ ಬಂತು. ಹಕ್ಕಿ ಬದಲಾಗಿರಲಿಲ್ಲ. ಮನೆ ಹಿತ್ತಲಿನ ಒಂದು ಮರಕ್ಕೆ ಬರ್ತಿದ್ದದ್ದು ಸಾಲ ಮಾಡಿ ಬೆಳೆಸಿದ ತೋಟಕ್ಕೆ ಬರೋಕೆ ಶುರುವಾದಾಗ ನೋಡುವವರ ಕಣ್ಣು ಬದಲಾಯ್ತು. ನವಿಲಿನ ವಿಷಯದಲ್ಲಿ ನಮಗೂ ಆಗಿದ್ದು ಅದೇ ಅಲ್ಲವೇ?

ನಮ್ಮ ಹಿತ್ತಲ ಹಕ್ಕಿಗಳೂ ಪರದೇಶದಲ್ಲಿ ಇದೇ ದಾರಿ ಹಿಡಿದಿವೆ. ನೇಗಿಲಿನ ಹಿಂದೆ ಹುಳ ಹೆಕ್ಕೋ ಗೊರವಂಕವನ್ನ 1762ರಲ್ಲಿ ಭಾರತದಿಂದ ಮಾರಿಷಸ್‌ಗೆ ಒಯ್ದರು, ಮಿಡತೆ ತಿನ್ನಲಿ ಅಂತ. ಬೆಳೆಯ ಕೀಟಕ್ಕೆ ಅದರ ವೈರಿಯನ್ನ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ದ ಮೊದಲ ಉದಾಹರಣೆ ಅಂತ ಕೃಷಿ ಪುಸ್ತಕಗಳು ಇದನ್ನೇ ಹೇಳೋದು. 1862ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್ ತರಕಾರಿ ತೋಟಗಳಿಗೆ ಹೋಯ್ತು. 1865ರಲ್ಲಿ ಹವಾಯಿ ದ್ವೀಪಕ್ಕೆ, ಸೈನಿಕ ಹುಳದ ಕಾಟಕ್ಕೆ. ಹುಳ ತಿಂತು ನಿಜ. ಜೊತೆಗೆ ಹಣ್ಣೂ ತಿಂತು, ಅಲ್ಲಿನ ಹಕ್ಕಿಗಳ ಪೊಟರೆ ಕಿತ್ತುಕೊಂಡಿತು, ಹವಾಯಿಯಲ್ಲಿ ಲಾಂಟಾನ ಬೀಜ ಹರಡಿತು. 2000ದಲ್ಲಿ ಲೋಕದ ನೂರು ಕೆಟ್ಟ ವಲಸೆ ಜೀವಿಗಳ ಪಟ್ಟಿ ಮಾಡಿದಾಗ ಅದರಲ್ಲಿದ್ದ ಮೂರು ಹಕ್ಕಿಗಳಲ್ಲಿ ಎರಡು ನಮ್ಮವೇ: ಗೊರವಂಕ ಮತ್ತು ಪಿಕಳಾರ.

ಕಾಗೆಯ ಕತೆ ಇನ್ನೂ ಬಿಸಿ ಇದೆ. 1890ರ ದಶಕದಲ್ಲಿ ಪೂರ್ವ ಆಫ್ರಿಕಾದ ಝಾಂಜಿಬಾರಿಗೆ ಕಸ ತಿನ್ನಲಿ ಅಂತ ನಮ್ಮ ಊರ ಕಾಗೆ ಒಯ್ದರು. ಅದು ಕರಾವಳಿ ಉದ್ದಕ್ಕೂ ಹಬ್ಬಿತು. 1990ರ ದಶಕದ ಮೊದಲಲ್ಲಿ ಝಾಂಜಿಬಾರಿನಲ್ಲಿ ಕಾಗೆ ಕೊಲ್ಲೋ ಕೆಲಸ ಜೋರಾಗಿ ನಡೆದು ಸಂಖ್ಯೆ ಇಳಿಯಿತು. ಕೆಲಸ ನಿಂತ ಮೇಲೆ ಮತ್ತೆ ಏರಿತು. 2024ರ ಜೂನ್‌ನಲ್ಲಿ ಕೀನ್ಯಾ ಸರ್ಕಾರ ವರ್ಷ ಮುಗಿಯೋದ್ರೊಳಗೆ ಹತ್ತು ಲಕ್ಷ ಕಾಗೆ ಕೊಲ್ತೀವಿ ಅಂತ ಘೋಷಿಸಿತು. ನಾವು ಪಿಂಡ ಇಟ್ಟು ಕಾಯೋ ಕಾಗೆ ಅಲ್ಲಿ ವಿಷಕ್ಕೆ ಗುರಿ.

ಜನಬಲದಿಂದ ಆಗುತ್ತೆ ಅನ್ನೋರಿಗೆ ಚೀನಾದ ಉದಾಹರಣೆ ಇದೆ. 1958ರಲ್ಲಿ ಗುಬ್ಬಿಯನ್ನ ದೇಶದ ನಾಲ್ಕು ಪೀಡೆಗಳಲ್ಲಿ ಒಂದು ಅಂತ ಸಾರಿ, ಮಕ್ಕಳು ಮುದುಕರು ಎನ್ನದೆ ಎಲ್ಲರೂ ತಟ್ಟೆ ತಮಟೆ ಬಡಿದು, ಅವು ಕೂರೋಕೂ ಬಿಡದೆ ಸುಸ್ತು ಮಾಡಿ ಬೀಳಿಸಿದರು. ಗುಬ್ಬಿ ಹೋಯ್ತು, ಹುಳ ಹೆಚ್ಚಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಿ ತೆಗೆದು ತಿಗಣೆ ಸೇರಿಸಿದರು. ಕಾಳು ತಿನ್ನೋ ಗುಬ್ಬಿ, ಗೀಜಗ ಕೂಡ ಮರಿಗೆ ಹುಳವನ್ನೇ ಉಣಿಸ್ತವೆ. ಚೀನಾಕ್ಕಿಂತ ಎಷ್ಟೋ ಮೊದಲು ನಮ್ಮ ದೇಶದಲ್ಲೇ ಇದರ ಕೆಲಸ ನಡೆದಿತ್ತು. ಬಿಹಾರದ ಪೂಸಾ ಕೃಷಿ ಸಂಸ್ಥೆಯಲ್ಲಿ ಹಕ್ಕಿಗಳ ಹೊಟ್ಟೆ ಕುಯ್ದು ಒಳಗೆ ಕಾಳೆಷ್ಟು ಹುಳವೆಷ್ಟು ಅಂತ ಎಣಿಸಿ 1912ರಲ್ಲಿ ಮೇಸನ್ ಮತ್ತು ಲೆಫ್ರಾಯ್ ವರದಿ ಬರೆದಿದ್ದರು. ಎಷ್ಟೋ ಹಕ್ಕಿ ಒಂದು ತಿಂಗಳು ಕಳ್ಳ, ಇನ್ನೊಂದು ತಿಂಗಳು ಕೂಲಿಯಾಳು.

ಕೊಂದು ಪೂರ್ತಿ ಗೆದ್ದ ಕಡೆ ಇಲ್ಲವೇ? ಇವೆ. ಸೆಶೆಲ್ಸ್ ದೇಶದ ಕೆಲವು ಪುಟ್ಟ ದ್ವೀಪಗಳಲ್ಲಿ ಗೊರವಂಕವನ್ನ ಪೂರ್ತಿ ತೆಗೆದಿದ್ದಾರೆ. ನೆದರ್ಲೆಂಡಿನ ಬಂದರಿಗೆ ಹಡಗಿನಲ್ಲಿ ಬಂದು ಸೇರಿದ್ದ ಒಂದಷ್ಟು ಕಾಗೆಗಳನ್ನೂ ಹಾಗೇ ಮಾಡಿದರು. ಎರಡು ಕಡೆಯೂ ಹಕ್ಕಿ ಹೊರಗಿನದು, ಸಂಖ್ಯೆ ಕಡಿಮೆ, ಜಾಗ ಚಿಕ್ಕದು. ನಮ್ಮ ನವಿಲು, ಗಿಳಿ ಹಾಗಲ್ಲ. ಈ ನೆಲದವೇ. ನಿಮ್ಮ ಹೊಲದ್ದು ಹೊಡೆದರೆ ಪಕ್ಕದ ಗುಡ್ಡದ್ದು, ಕೆರೆ ಏರಿ ಮೇಲಿದ್ದು ಬಂದು ಆ ಜಾಗ ತುಂಬುತ್ತೆ. ಹತೋಟಿಯಲ್ಲಿ ಇಡಬೇಕಾದರೆ ಸಂಬಳದ ಕಾವಲುಗಾರರ ಹಾಗೆ ಊರೂರಲ್ಲೂ ವರ್ಷವಿಡೀ ಹೊಡೀತಾನೇ ಇರಬೇಕು. ಕಾಯೋಕೆ ಆಳಿಲ್ಲ ಅಂತ ಕೊಲ್ಲೋ ದಾರಿ ಕೇಳ್ತೀವಿ. ಆದರೆ ಕೊಲ್ಲೋಕೆ ಅದಕ್ಕಿಂತ ಹೆಚ್ಚು ಆಳು ಬೇಕು.

ಇನ್ನು ಕಾನೂನು. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯ್ತು. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಆ ಪಟ್ಟಿಯ ಪ್ರಾಣಿಯನ್ನ ಬೆಳೆ ನಷ್ಟದ ಕಾರಣಕ್ಕೆ ಕೊಲ್ಲೋಕೆ ಅನುಮತಿ ಸಿಗಲ್ಲ. ಅದೇ ಕಾಯ್ದೆಯಲ್ಲಿ ಕಾಗೆಯನ್ನ ಇಲಿ, ಬಾವಲಿ ಜೊತೆ ಪೀಡೆ ಅಂತ ಹಾಕಿದ್ದರು. 2022ರ ತಿದ್ದುಪಡಿಯಲ್ಲಿ ಆ ಪೀಡೆ ಪಟ್ಟಿಯೇ ಹೋಯ್ತು. ವಿಷ ಇಡೋ ಮಾತಾಡೋರು ಇನ್ನೊಂದು ಯೋಚನೆ ಮಾಡಿ. ಕಾಳು ಇಟ್ಟ ಕೈಗೆ ಯಾರು ತಿಂದರು ಅಂತ ಗೊತ್ತಾಗಲ್ಲ. ಬದುವಿನಲ್ಲಿ ಮೇಯೋ ಕುರಿ, ಪಕ್ಕದ ಮನೆ ಕೋಳಿ, ಸತ್ತದ್ದನ್ನ ಎಳೆದಾಡಿದ ನಾಯಿ ಎಲ್ಲಕ್ಕೂ ಅದೇ ಗತಿ.

ಹಾಗಾದರೆ ಹಿರಿಯರ ಕಾಲದಲ್ಲಿ ಹಕ್ಕಿ ಇರಲಿಲ್ಲವೇ? ಇದ್ದವು. ಅಟ್ಟಣೆ ಇತ್ತು, ಕವಣೆ ಇತ್ತು, ಕೂಗೋಕೆ ಮಕ್ಕಳಿದ್ದರು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಊರೆಲ್ಲ ಒಂದೇ ಹದಕ್ಕೆ ಒಂದೇ ಬೆಳೆ ಬಿತ್ತುತ್ತಿದ್ದರು. ನೂರಾರು ಎಕರೆ ಒಟ್ಟಿಗೆ ಹಾಲುದುಂಬಿದರೆ ಹಕ್ಕಿ ತಿಂದದ್ದು ಎಲ್ಲರಿಗೂ ಹಂಚಿಹೋಗ್ತಿತ್ತು. ಪಾಲು ಅನ್ನೋ ಮಾತಿಗೆ ಅರ್ಥ ಇದ್ದದ್ದು ಅದಕ್ಕೇ. ಈಗ ಬೋರ್‌ವೆಲ್ ಇದ್ದೋನು ಒಂದು ತಿಂಗಳು, ಮಳೆ ನಂಬಿದೋನು ಇನ್ನೊಂದು ತಿಂಗಳು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಿಎಸ್‌ಎಚ್-1 ಬಂದ ಮೇಲಿನ ವರ್ಷಗಳಲ್ಲಿ ಕಣ್ಣು ಹಾಯಿಸಿದಷ್ಟೂ ಸೂರ್ಯಕಾಂತಿ ಕಾಣ್ತಿತ್ತು. ಈಗ ಅಲ್ಲೊಂದು ಎಕರೆ, ಇಲ್ಲೊಂದು ಎಕರೆ. ಸುತ್ತಲಿನ ಗಿಳಿಯೆಲ್ಲ ಆ ಒಂದೇ ಹೊಲಕ್ಕೆ. ಊರು ಹೊರ್ತಿದ್ದ ಭಾರ ಒಬ್ಬನ ತಲೆ ಮೇಲೆ ಬಿದ್ದಿದೆ.

ಭಾರ ಹಂಚೋ ಕೆಲಸ ಕೋವಿಯಿಂದ ಆಗಲ್ಲ, ನಾವೇ ಮಾಡಬೇಕು. ಹಕ್ಕಿ ಕಾಟ ವರ್ಷವೆಲ್ಲ ಇರಲ್ಲ. ಕಡಲೆಕಾಯಿಗೆ ಬಿತ್ತಿದ ಮೊದಲ ಹತ್ತು ಹನ್ನೆರಡು ದಿನ, ಸೂರ್ಯಕಾಂತಿಗೆ ಕಾಳು ಕಟ್ಟಿದಾಗಿಂದ ಕೊಯ್ಲಿನವರೆಗೆ ಮೂರು ನಾಲ್ಕು ವಾರ. ಅದರಲ್ಲೂ ಹೆಚ್ಚಾಗಿ ಬೆಳಿಗ್ಗೆ ಎರಡು ಮೂರು ಗಂಟೆ, ಸಂಜೆ ಎರಡು ಗಂಟೆ. ಮಿಂಚೋ ಟೇಪು, ಹಳೇ ಸೀರೆ, ಡಬ್ಬ, ಬೆದರುಬೊಂಬೆ ಎಲ್ಲವೂ ಕೆಲಸ ಮಾಡ್ತವೆ, ಆದರೆ ಹಕ್ಕಿ ರುಚಿ ನೋಡೋ ಮೊದಲೇ ಕಟ್ಟಬೇಕು, ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಬೇಕು. ಒಂದೇ ಬೊಂಬೆ ತಿಂಗಳು ನಿಂತರೆ ಅದರ ತಲೆ ಮೇಲೇ ಕೂರ್ತವೆ.

ಒಬ್ಬ ರೈತ ಒಬ್ಬ ಕಾವಲು ಆಳಿಗೆ ಕೂಲಿ ಕೊಡೋದು ಕಷ್ಟ. ಅಕ್ಕಪಕ್ಕದ ಎಂಟು ಹತ್ತು ಹೊಲದವರು ಒಂದೇ ವಾರದಲ್ಲಿ ಬಿತ್ತಿ ಇಬ್ಬರನ್ನ ಇಟ್ಟರೆ ಒಬ್ಬೊಬ್ಬರಿಗೆ ಬರೋ ಖರ್ಚು ಎಷ್ಟು, ನೀವೇ ಲೆಕ್ಕ ಹಾಕಿ. ನಾನು ಈ ಸಲ ಕೆರೆ ಕೆಳಗಿನ ಎರಡು ಎಕರೆಗೆ ಸೂರ್ಯಕಾಂತಿ ಹಾಕ್ತೀನಿ. ಆ ಬಯಲಲ್ಲಿ ಹಾಕೋರು ಇದ್ದರೆ ಬಿತ್ತೋ ಮೊದಲೇ ತಿಳಿಸಿ, ದಿನ ಒಟ್ಟಿಗೆ ಗೊತ್ತು ಮಾಡೋಣ. ಕಾವಲಿನ ಕೂಲಿ ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳೋಣ.