ಹೊಗೆ ಆರಿದ ಮೇಲಿನ ಮೌನ: ನ್ಯೂ ಆರ್ಲಿಯನ್ಸ್, 1973

1973ರ ಜೂನ್ 24, ಭಾನುವಾರ. ಸ್ನಾನಿಕ ಯೊವಾನ್ನರ ಜನನವನ್ನು ಸ್ಮರಿಸುವ ದಿನ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಫ್ರೆಂಚ್ ಬಡಾವಣೆಯಲ್ಲಿ, ಕಟ್ಟಡವೊಂದರ ಮೇಲಂತಸ್ತಿನಲ್ಲಿದ್ದ 'ಅಪ್‌ಸ್ಟೇರ್ಸ್ ಲೌಂಜ್' ಎಂಬ ಪಾನಗೃಹದಲ್ಲಿ ಅಂದು ಸಂಜೆ ಹಲವರು ಸೇರಿದ್ದರು. ಅವರಲ್ಲಿ ಹೆಚ್ಚಿನವರು ಸಲಿಂಗಪ್ರೇಮಿಗಳು. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಎಂಬ ಸಣ್ಣ ಕ್ರೈಸ್ತ ಸಭೆಯ ಸದಸ್ಯರೂ ಅವರ ನಡುವೆ ಇದ್ದರು. ಟ್ರಾಯ್ ಪೆರಿ ಎಂಬ ಪ್ರಾಟೆಸ್ಟೆಂಟ್ ಬೋಧಕರು 1968ರಲ್ಲಿ ಲಾಸ್ ಏಂಜಲೀಸ್ ಸಮೀಪ ತಮ್ಮ ಮನೆಯಲ್ಲಿಯೇ ಆರಂಭಿಸಿದ ಸಭೆಯಿದು. ನ್ಯೂ ಆರ್ಲಿಯನ್ಸ್‌ನ ಶಾಖೆಗೆ ಸ್ವಂತ ಆಲಯವಿಲ್ಲದಿದ್ದಾಗ ಇದೇ ಪಾನಗೃಹದ ಹಿಂಬದಿಯ ರಂಗಮಂದಿರದಲ್ಲಿ ಆರಾಧನೆ ನಡೆದದ್ದುಂಟು.

ರಾತ್ರಿ ಎಂಟು ಗಂಟೆಯ ಹೊತ್ತಿಗೆ ಕೆಳಬಾಗಿಲಿನ ಗಂಟೆ ಸದ್ದಾಯಿತು. ಬಾಗಿಲು ತೆರೆದವರ ಮೇಲೆ ಮೆಟ್ಟಿಲಿನಿಂದ ಬೆಂಕಿ ನುಗ್ಗಿತು. ಯಾರೋ ಮರದ ಮೆಟ್ಟಿಲಿಗೆ ಲೈಟರ್ ದ್ರವ ಸುರಿದು ಕಿಚ್ಚಿಟ್ಟಿದ್ದರು. ಪಾನಗೃಹದ ನೌಕರನೊಬ್ಬ ಸುಮಾರು ಇಪ್ಪತ್ತು ಮಂದಿಯನ್ನು ಹಿಂಬಾಗಿಲಿನಿಂದ ಪಾರುಮಾಡಿದನು. ಉಳಿದವರಿಗೆ ಕಿಟಕಿಗಳೇ ಗತಿ, ಕಿಟಕಿಗಳಿಗೆ ಕಂಬಿಗಳಿದ್ದವು. ಅಗ್ನಿಶಾಮಕ ದಳವು ಇಪ್ಪತ್ತು ನಿಮಿಷದೊಳಗೆ ಬೆಂಕಿಯನ್ನು ಆರಿಸಿತಾದರೂ ಆ ದುರಂತಕ್ಕೆ ಬಲಿಯಾದವರು ಒಟ್ಟು 32 ಮಂದಿ. ಸ್ಥಳೀಯ ಸಭೆಯ ಪಾಲಕರಾದ ಬಿಲ್ ಲಾರ್ಸನ್ ಕಿಟಕಿಯ ಕಂಬಿಗಳ ನಡುವೆ ಸಿಲುಕಿ ಸುಟ್ಟುಹೋದರು. ಅವರ ಶವವು ಬೀದಿಯಲ್ಲಿ ಹೋಗಿಬರುವವರಿಗೆ ಕಾಣುವಂತೆ ಹಲವು ಗಂಟೆಗಳ ಕಾಲ ಅಲ್ಲಿಯೇ ಇತ್ತು. ಸಹಾಯಕ ಪಾಲಕರಾದ ಜಾರ್ಜ್ ಮಿಚೆಲ್ ಹೊರಗೆ ಬಂದು ಬದುಕಿಕೊಂಡಿದ್ದರು. ತಮ್ಮ ಸಂಗಾತಿ ಒಳಗೇ ಉಳಿದನೆಂದು ತಿಳಿದು ಮರಳಿ ಹೋದರು. ಇಬ್ಬರ ಶವಗಳೂ ಒಟ್ಟಿಗೆ ದೊರೆತವು.

ಈ ಪ್ರಕರಣದಲ್ಲಿ ಯಾರ ಮೇಲೂ ಆರೋಪಪಟ್ಟಿ ಸಲ್ಲಿಕೆಯಾಗಲಿಲ್ಲ. ಅಂದೇ ಸಂಜೆ ಜಗಳವಾಡಿ ಪಾನಗೃಹದಿಂದ ಹೊರದೂಡಲ್ಪಟ್ಟಿದ್ದ ಗಿರಾಕಿಯೊಬ್ಬನ ಮೇಲೆ ಸಂಶಯ ಬಲವಾಗಿತ್ತು. ಮರುವರ್ಷ ಅವನು ಆತ್ಮಹತ್ಯೆ ಮಾಡಿಕೊಂಡನು. ಈ ಘಟನೆಯನ್ನು ತರಗತಿಯಲ್ಲಿ ವಿವರಿಸಿದಾಗ ಗುರು ಅಭ್ಯರ್ಥಿಯೊಬ್ಬರು ನಮ್ಮನ್ನು ಕೇಳಿದರು: ಕಿಚ್ಚಿಟ್ಟವನು ಅವರ ಬಳಗದವನೇ ಆಗಿದ್ದರೆ ಇದನ್ನು ದ್ವೇಷದ ಅಪರಾಧವೆಂದು ಕರೆಯುವುದು ಹೇಗೆ? ಧರ್ಮಸಭೆಯ ಹೊಣೆ ಇದರಲ್ಲಿ ಏನು? ಪ್ರಶ್ನೆ ನ್ಯಾಯವಾದದ್ದು. ಬೆಂಕಿಯ ಮೂಲವನ್ನಷ್ಟೇ ನೋಡಿದರೆ ಉತ್ತರ ಕಷ್ಟ. ಆದರೆ ಇತಿಹಾಸಕಾರನು ನೋಡಬೇಕಾದದ್ದು ಜೂನ್ 25ರಿಂದ ಮುಂದಿನ ದಿನಗಳನ್ನು.

ಆ ದಿನಗಳಲ್ಲಿ ಸತ್ತವರನ್ನು ಕುರಿತ ಕುಹಕಗಳು ರೇಡಿಯೋದಲ್ಲಿ ಕೇಳಿಬಂದವು. ರಾಜ್ಯದ ಗವರ್ನರರಾಗಲಿ ನಗರದ ಮೇಯರರಾಗಲಿ ಶೋಕಾಚರಣೆಯನ್ನು ಘೋಷಿಸಲಿಲ್ಲ. ತಮ್ಮ ಮಗ ಸತ್ತ ಸ್ಥಳದ ಹೆಸರು ಹೊರಬೀಳುವುದೆಂದು ಅಂಜಿದ ಮನೆಯವರಿದ್ದರು. ಲಾರ್ಸನ್‌ರ ಚಿತಾಭಸ್ಮವನ್ನು ಸ್ವೀಕರಿಸಲು ಅವರ ತಾಯಿಯೇ ಒಪ್ಪಲಿಲ್ಲವೆಂದು ದಾಖಲಾಗಿದೆ. ಗಾಯಗೊಂಡವರಿಗೆ ರಕ್ತ, ಹಣ, ಶವಸಂಸ್ಕಾರದ ವೆಚ್ಚ ಇವುಗಳಿಗಾಗಿ ಓಡಾಡಿದವರು ದೂರದೂರುಗಳಿಂದ ಬಂದ ಪೆರಿ ಮತ್ತು ಅವರ ಸಂಗಡಿಗರು.

ಪ್ರಾರ್ಥನೆಗೆ ಸ್ಥಳವೂ ಸುಲಭವಾಗಿ ಸಿಗಲಿಲ್ಲ. ಸೋಮವಾರ ಸಂಜೆ ಎಪಿಸ್ಕೋಪಲ್ ಸಭೆಯ ಸಂತ ಜಾರ್ಜರ ದೇವಾಲಯದ ಗುರು ವಿಲಿಯಂ ರಿಚರ್ಡ್‌ಸನ್ ಬಾಗಿಲು ತೆರೆದರು; ಸುಮಾರು ಎಂಬತ್ತು ಮಂದಿ ಬಂದರು. ನಡೆದದ್ದು ಚಿಕ್ಕದೊಂದು ಪ್ರಾರ್ಥನಾ ವಿಧಿ, ಅಷ್ಟೇ. ಅದಕ್ಕೆ ಅವರ ಧರ್ಮಾಧ್ಯಕ್ಷರು ಅವರನ್ನು ಆಕ್ಷೇಪಿಸಿದರು, ದೂರವಾಣಿ ಕರೆಗಳೂ ದ್ವೇಷದ ಪತ್ರಗಳೂ ಬಂದವು. ರಿಚರ್ಡ್‌ಸನ್ ಹಿಂಜರಿಯಲಿಲ್ಲ, ತಮ್ಮ ನಿಲುವನ್ನು ಭಕ್ತವಿಶ್ವಾಸಿಗಳಿಗೆ ಬರೆದು ತಿಳಿಸಿದರು. ಇಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಅವರ ಧೈರ್ಯಕ್ಕಿಂತ ಹೆಚ್ಚಾಗಿ ಅವರು ಮಾಡಿದ ಕಾರ್ಯದ ಸಾಮಾನ್ಯತೆ. ಅವರು ಯಾವ ಸಿದ್ಧಾಂತವನ್ನೂ ಬದಲಿಸಲು ಹೊರಡಲಿಲ್ಲ. ಸತ್ತವರನ್ನು ಹೂಳುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಾವೆಲ್ಲರೂ ಬಾಲ್ಯದ ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ತೋಬಿತನು ನಿನೆವೆಯ ಗೋಡೆಯಾಚೆ ಎಸೆದ ಶವಗಳನ್ನು ಹೂಳುವಾಗ ಸತ್ತವರ ನಡತೆಯನ್ನು ವಿಚಾರಿಸಲಿಲ್ಲ; ನೆರೆಯವರು ಅವನನ್ನೂ ನಕ್ಕರು.

ಜುಲೈ 1ರಂದು ಯುನೈಟೆಡ್ ಮೆಥೊಡಿಸ್ಟ್ ಸಭೆಯ ಸಂತ ಮಾರ್ಕರ ದೇವಾಲಯದಲ್ಲಿ ಸ್ಮರಣೆಯ ಆರಾಧನೆ ನಡೆಯಿತು. ಆ ಸಭೆಯ ಬಿಷಪ್ ಫಿನಿಸ್ ಕ್ರಚ್‌ಫೀಲ್ಡ್ ಸ್ವತಃ ಬಂದು ಕುಳಿತರು. ಆರಾಧನೆಯ ಕೊನೆಯಲ್ಲಿ, ಹೊರಗೆ ಟಿ.ವಿ. ಕ್ಯಾಮೆರಾಗಳು ಕಾದಿವೆಯೆಂದೂ ಮುಖ ತೋರಿಸಲು ಇಷ್ಟವಿಲ್ಲದವರು ಪಕ್ಕದ ಬಾಗಿಲಿನಿಂದ ಹೋಗಬಹುದೆಂದೂ ತಿಳಿಸಲಾಯಿತು. ಪೆರಿಯವರು ಹೇಳುವಂತೆ, ಒಬ್ಬರೂ ಪಕ್ಕದ ಬಾಗಿಲನ್ನು ಬಳಸಲಿಲ್ಲ. ಗುರುತು ಸಿಕ್ಕರೆ ಉದ್ಯೋಗ ಹೋಗುತ್ತಿದ್ದ ಕಾಲ ಅದು.

ಇನ್ನು ನಮ್ಮ ಕಥೋಲಿಕ ಧರ್ಮಸಭೆ. ನಗರದ ಜನರಲ್ಲಿ ಕಥೋಲಿಕರ ಪಾಲು ದೊಡ್ಡದು, ಸತ್ತವರಲ್ಲಿಯೂ ಕಥೋಲಿಕರಿದ್ದರು. ಸಭೆಗಳು ಅಂತ್ಯಕ್ರಿಯೆಯನ್ನು ನಿರಾಕರಿಸಿದವೆಂಬ ಮಾತು ನಂತರದ ಬರಹಗಳಲ್ಲಿ ಪದೇ ಪದೇ ಬರುತ್ತದೆ. ನಾವು ಅದರ ಮೇಲೆ ಭಾರ ಹಾಕುವುದಿಲ್ಲ. ಮೌನವೊಂದೇ ಸಾಕಷ್ಟು ಭಾರವಾಗಿದೆ. ಅಂದು ಜಾರಿಯಲ್ಲಿದ್ದ 1917ರ ಧರ್ಮಸಭಾ ಕಾನೂನಿನ 1240ನೆಯ ವಿಧಿಯು, ಪಶ್ಚಾತ್ತಾಪದ ಕುರುಹು ತೋರದೆ ಸತ್ತ ಬಹಿರಂಗ ಪಾಪಿಗಳಿಗೆ ಧರ್ಮಸಭೆಯ ಸಂಸ್ಕಾರವನ್ನು ನಿರಾಕರಿಸುತ್ತಿತ್ತು, ನಿಜ. ಆದರೆ ಸಂದೇಹವು ಉಳಿದರೆ, ಅಪವಾದಕ್ಕೆ ಎಡೆಯಾಗದಂತೆ ಸಂಸ್ಕಾರವನ್ನು ನೀಡಬೇಕೆಂದು ಅದೇ ವಿಧಿ ಹೇಳುತ್ತಿತ್ತು. ಹೊಗೆಯ ನಡುವೆ ಸತ್ತವನು ಕೊನೆಯ ಕ್ಷಣದಲ್ಲಿ ದೇವರೊಡನೆ ಏನು ಮಾತಾಡಿದನೆಂದು ಬಲ್ಲವರು ಯಾರು? ಕಾನೂನು ಕೂಡ ಸತ್ತವನ ಪರವಾಗಿಯೇ ವಾಲಿತ್ತು.

ಬೋಧನೆಯಲ್ಲಿ ಮಾತು ಬಂದದ್ದು ನಿಧಾನವಾಗಿ. 1976ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರು, ಸಲಿಂಗಪ್ರೇಮಿಗಳ ಮೂಲಭೂತ ಹಕ್ಕುಗಳಿಗೆ ಪೂರ್ವಗ್ರಹದಿಂದ ಧಕ್ಕೆಯಾಗಬಾರದೆಂದು ಬರೆದರು. 1986ರಲ್ಲಿ ವಿಶ್ವಾಸ ಸಿದ್ಧಾಂತ ಪರಿಷತ್ತಿನ ಪತ್ರವು ಅವರ ಮೇಲಿನ ಮಾತಿನ ಮತ್ತು ಕೃತಿಯ ಹಿಂಸೆಯನ್ನು ಸ್ಪಷ್ಟವಾಗಿ ಖಂಡಿಸಿತು. ಅದೇ ಪರಿಚ್ಛೇದವು ಮುಂದುವರಿದು, ಇಂಥ ನಡತೆಗೆ ಕಾನೂನಿನ ರಕ್ಷಣೆ ದೊರೆತಲ್ಲಿ ಹಿಂಸಾತ್ಮಕ ಪ್ರತಿಕ್ರಿಯೆಗಳು ಹೆಚ್ಚಿದರೆ ಆಶ್ಚರ್ಯಪಡಬೇಕಾಗಿಲ್ಲವೆಂಬ ಅರ್ಥದ ಮಾತನ್ನೂ ಆಡಿತು. ಪೆಟ್ಟು ತಿಂದವನು ಈ ಎರಡನೆಯ ಮಾತನ್ನು ಹೇಗೆ ಕೇಳಿಸಿಕೊಂಡಾನು ಎಂಬುದನ್ನು ಪಾಲನಾ ಸೇವೆಗೆ ಹೊರಡುವವರು ಯೋಚಿಸಬೇಕು. ಮೊದಲನೆಯದನ್ನು ಮಾತ್ರ ಉದ್ಧರಿಸಿ ಮುಂದೆ ಸಾಗುವುದು ಪ್ರಾಮಾಣಿಕತೆಯಲ್ಲ. 1992ರ ಧರ್ಮೋಪದೇಶ ಗ್ರಂಥದ 2358ನೆಯ ಪರಿಚ್ಛೇದವು ಗೌರವ, ಅನುಕಂಪ, ಸೂಕ್ಷ್ಮತೆಗಳನ್ನು ಕಡ್ಡಾಯಗೊಳಿಸಿತಲ್ಲದೆ ಅನ್ಯಾಯದ ತಾರತಮ್ಯದ ಯಾವ ಕುರುಹೂ ಇರಕೂಡದೆಂದಿತು.

ನಲವತ್ತು ವರ್ಷಗಳ ನಂತರ, 2013ರಲ್ಲಿ, ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷ ಗ್ರೆಗರಿ ಏಮಂಡ್ ಕ್ಷಮೆ ಕೋರಿದರು. ಅಂದು ಹೇಳಿಕೆ ನೀಡಿರದಿದ್ದರೆ ನೀಡಬೇಕಾಗಿತ್ತು, ಸಾಂತ್ವನ ಹೇಳಿರದಿದ್ದರೆ ಕ್ಷಮಿಸಿರಿ ಎಂಬುದು ಅವರ ಮಾತಿನ ಸಾರ. ಆ 'ದಿದ್ದರೆ' ಎಂಬುದನ್ನು ಕೆಲವರು ಹಳಿದರು. ನಮಗಾದರೋ ಅದು ತಡವಾದರೂ ಸಲ್ಲಬೇಕಾದ ಮಾತಾಗಿ ತೋರುತ್ತದೆ. ಅವರ ಪೂರ್ವಾಧಿಕಾರಿಗಳು ಯಾರೂ ಅಷ್ಟನ್ನೂ ಆಡಿರಲಿಲ್ಲ. ನಗರಸಭೆಯ ವಿಧ್ಯುಕ್ತ ಕ್ಷಮಾಯಾಚನೆ ಬಂದದ್ದು 2022ರಲ್ಲಿ.

ಸತ್ತವರಲ್ಲಿ ನಾಲ್ವರನ್ನು ನಗರದ ಅನಾಥಶವಗಳ ಸ್ಮಶಾನದಲ್ಲಿ ಹೂಳಲಾಗಿತ್ತು. ಅವರಲ್ಲೊಬ್ಬರು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಯೋಧ. ಅವರ ಗತಿ ಏನಾಯಿತೆಂದು ಮನೆಯವರಿಗೆ ತಿಳಿದದ್ದು 2015ರಲ್ಲಿ. ಮೂಳೆಗಳನ್ನು ಊರಿಗೆ ಒಯ್ದು ಸೈನಿಕ ಗೌರವದೊಡನೆ ಹೂಳಬೇಕೆಂದು ಅವರು ನ್ಯೂ ಆರ್ಲಿಯನ್ಸ್‌ಗೆ ಹೋದರು. ಸಮಾಧಿಗೆ ಕಲ್ಲಿರಲಿಲ್ಲ, ನಿಖರವಾದ ಜಾಗವನ್ನು ತೋರಿಸುವ ಕಡತವು ನಗರದ ಕಚೇರಿಯಲ್ಲಿ ದೊರೆಯಲಿಲ್ಲ.