ಫೌಜಿ (ದೂರದರ್ಶನ ಧಾರಾವಾಹಿ)

ಫೌಜಿ: ಭಾರತೀಯ ಸೇನೆಯ ಕಮಾಂಡೊ ತರಬೇತಿಯನ್ನು ವಸ್ತುವಾಗಿಸಿಕೊಂಡ ಹಿಂದಿ ಧಾರಾವಾಹಿ. 1989ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು, ಕಂತುಗಳು 13. ನಿರ್ದೇಶಕ ಕರ್ನಲ್ ರಾಜ್ ಕಪೂರ್ (ನಿಧನ 2019) ಸೇನೆಯಲ್ಲಿದ್ದವರು. ಹೆಸರು ಕೇಳಿ ಚಿತ್ರನಟನೆಂದು ತಿಳಿಯಬಾರದು. ಚಿತ್ರೀಕರಣ ನಡೆದದ್ದು ದೆಹಲಿಯಲ್ಲಿ.

ಕಥೆಯ ಮುಖ್ಯ ಭಾಗ ಯುದ್ಧವಲ್ಲ, ತಾಲೀಮು. ಹುಡುಗಾಟದ ಅಭಿಮನ್ಯು ರಾಯ್ ಓಟ, ಅಡೆತಡೆ, ಶಿಕ್ಷೆ, ಗೆಳೆಯರ ಕೀಟಲೆಗಳ ನಡುವೆ ಸೈನಿಕನಾಗುತ್ತಾನೆ. ಅಣ್ಣ ಮೇಜರ್ ವಿಕ್ರಮ್ ರಾಯ್ (ರಾಕೇಶ್ ಶರ್ಮಾ) ಕೂಡ ಅದೇ ಸೇನೆಯ ಅಧಿಕಾರಿ. ಶಿಸ್ತಿನ ಭಾಷಣಕ್ಕಿಂತ ಬ್ಯಾರಕ್ಕಿನ ಹರಟೆಗೆ ಹೆಚ್ಚು ಜಾಗ ಕೊಟ್ಟದ್ದೇ ಇದರ ಜೀವಾಳ. ತಾಂತ್ರಿಕವಾಗಿ ಧಾರಾವಾಹಿ ಸಾಧಾರಣ.

ಅಭಿಮನ್ಯುವಾಗಿ ಶಾರುಖ್ ಖಾನ್ ದೇಶಕ್ಕೆ ಪರಿಚಿತರಾದರು. ಅವರು ಮೊದಲು ಒಪ್ಪಿಕೊಂಡಿದ್ದ ‘ದಿಲ್ ದರಿಯಾ’ ತಡವಾದ್ದರಿಂದ ಇದೇ ಮೊದಲು ತೆರೆಕಂಡಿತು. ಶೈಶವದ ಕೆಲ ವರ್ಷಗಳನ್ನು ಮಂಗಳೂರಿನಲ್ಲಿ, ಬಂದರಿನ ಎಂಜಿನಿಯರ್ ಆಗಿದ್ದ ತಾಯಿಯ ತಂದೆಯ ಮನೆಯಲ್ಲಿ ಕಳೆದ ಈ ನಟನ ಬಗ್ಗೆ ಕರಾವಳಿಯವರಿಗೆ ತುಸು ಹಕ್ಕಿನ ಹೆಮ್ಮೆಯಿದೆ. ಖಾಸಗಿ ವಾಹಿನಿಗಳಿಲ್ಲದ ಆ ಕಾಲದಲ್ಲಿ ಮುಂಬೈಯ ಮುಲುಂಡ್‌ನ ಚಾಳಿಗೂ ಮಂಗಳೂರಿನ ಮನೆಗೂ ಇದನ್ನು ಮುಟ್ಟಿಸಿದ್ದು ದೂರದರ್ಶನದ ರಾಷ್ಟ್ರೀಯ ಜಾಲ.

2006ರ ‘ಲೆಫ್ಟ್ ರೈಟ್ ಲೆಫ್ಟ್’ (ಸಬ್ ಟಿವಿ) ಕೂಡ ಸೇನಾ ಅಕಾಡೆಮಿಯ ಕಥೆ. ದೂರದರ್ಶನವೇ 2024ರ ನವೆಂಬರ್‌ನಲ್ಲಿ ‘ಫೌಜಿ 2’ ಆರಂಭಿಸಿತು.